ರೂಟ್ ಸರ್ಟಿಫಿಕೇಟಿನ ಕೊನೆಯ ತಾರೀಖು

2024ರ ಏಪ್ರಿಲ್. ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ಕೂರೋ ಹೊತ್ತಿಗೆ ಸರಿಯಾಗಿ ಊರಿಂದ ಅಪ್ಪ ಫೋನ್ ಮಾಡಿದ. "ಎಂತ ಮಾರಾಯ ಇದು, ಅಡಿಕೆ ಧಾರಣೆ ನೋಡೋಕೆ ಹೋದ್ರೆ ಕೆಂಪು ತ್ರಿಕೋನ ಬರ್ತಾ ಇದೆ. ಅಟ್ಯಾಕರ್ಸ್ ಅಂತೆಲ್ಲ ಬರೆದಿದೆ. ನಮ್ಮ ಫೋನಲ್ಲಿ ಕದಿಯೋಕೆ ಎಂತ ಇದೆ ಅಂತ ಬಂದ್ರು?"

ನನಗೆ ಅವಸರ. "ಕೆಳಗೆ ಅಡ್ವಾನ್ಸ್‌ಡ್ ಅಂತ ಇರತ್ತೆ, ಒತ್ತು. ಆಮೇಲೆ ಪ್ರೊಸೀಡ್ ಅಂತ ಬರತ್ತೆ, ಅದನ್ನೂ ಒತ್ತು. ಏನೂ ಆಗಲ್ಲ" ಅಂದೆ. ಪೇಜು ಬಂತು. ರಾಶಿ ಎಷ್ಟು, ಬೆಟ್ಟೆ ಎಷ್ಟು ಅಂತ ಅಪ್ಪ ಗಟ್ಟಿಯಾಗಿ ಓದಿಕೊಂಡು ಫೋನ್ ಇಟ್ಟ. ನಾನು ಮೀಟಿಂಗಿಗೆ ಹೋದೆ.

ಆ ಫೋನು ನಾನೇ ಎರಡು ವರ್ಷ ಬಳಸಿ ಕೊಟ್ಟದ್ದು. 2016ರಲ್ಲಿ ಕೊಂಡಿದ್ದು, ಆಂಡ್ರಾಯ್ಡ್ 6. ತಯಾರಿಸಿದವರು ಅದಕ್ಕೆ ಅಪ್‌ಡೇಟ್ ಕಳಿಸೋದು ನಿಲ್ಲಿಸಿ ಎಷ್ಟೋ ವರ್ಷ ಆಗಿತ್ತು. ಆದರೆ ಸ್ಕ್ರೀನ್ ಒಡೆದಿಲ್ಲ, ಬ್ಯಾಟರಿ ಒಂದು ದಿನ ಬರತ್ತೆ, ಮನೆ ಹಿಂದಿನ ಗುಡ್ಡ ಹತ್ತಿದರೆ ಸಿಗ್ನಲ್ಲೂ ಸಿಗತ್ತೆ. ಅಪ್ಪನ ಲೆಕ್ಕದಲ್ಲಿ ಅದು ಕೆಟ್ಟಿಲ್ಲ. ನಿಜಕ್ಕೂ ಕೆಟ್ಟಿರಲಿಲ್ಲ. ಆ ಸೈಟಿನಲ್ಲೂ ಯಾವ ತಪ್ಪೂ ಇರಲಿಲ್ಲ. ಹಾಗಿದ್ದರೆ ಕೆಂಪು ತ್ರಿಕೋನ ಯಾಕೆ ಬಂತು ಅಂತ ಸಂಜೆ ಹುಡುಕುತ್ತಾ ಕೂತವನು 1994ಕ್ಕೆ ಹೋಗಿ ಮುಟ್ಟಿದೆ.

ಮೊದಲು ಇದು ಕೆಲಸ ಮಾಡೋ ರೀತಿ ಹೇಳಿಬಿಡ್ತೀನಿ. ಬಿಇಗೆ ಸೇರೋವಾಗ ನನ್ನ ಮಾರ್ಕ್ಸ್ ಕಾರ್ಡ್ ಜೆರಾಕ್ಸಿಗೆ ಗೆಜೆಟೆಡ್ ಆಫೀಸರ್ ಸಹಿ ಬೇಕಿತ್ತು. ಹಸಿರು ಇಂಕಿನಲ್ಲಿ ಸಹಿ ಹಾಕಿ ಸೀಲ್ ಒತ್ತಿಕೊಟ್ಟಿದ್ದು ನಮ್ಮೂರ ದನದ ಡಾಕ್ಟರು. ಕಾಲೇಜಿನವರಿಗೆ ನಾನು ಯಾರೋ ಗೊತ್ತಿಲ್ಲ, ದನದ ಡಾಕ್ಟರೂ ಗೊತ್ತಿಲ್ಲ. ಆದರೆ ಅವರ ಹುದ್ದೆಯ ಹಿಂದೆ ಸರ್ಕಾರ ಇದೆ ಅನ್ನೋದು ಗೊತ್ತು. ಬ್ರೌಸರ್ ಮಾಡೋದೂ ಇದನ್ನೇ. ಸೈಟು ತನ್ನ ಸರ್ಟಿಫಿಕೇಟ್ ತೋರಿಸತ್ತೆ. ಅದಕ್ಕೆ ಇನ್ನೊಬ್ಬರು ಸಹಿ ಹಾಕಿರ್ತಾರೆ, ಅವರ ಸರ್ಟಿಫಿಕೇಟಿಗೆ ಮತ್ತೊಬ್ಬರು. ಹೀಗೆ ಮೇಲೆ ಹೋಗ್ತಾ ಕೊನೆಗೆ ಸಿಗೋದು ರೂಟ್ ಸರ್ಟಿಫಿಕೇಟು. ಅದರ ಮೇಲೆ ಇನ್ಯಾರೂ ಇಲ್ಲ, ತನಗೆ ತಾನೇ ಸಹಿ ಹಾಕಿಕೊಂಡಿರತ್ತೆ. ಅದನ್ನು ನಂಬೋಕೆ ಇರೋ ಕಾರಣ ಒಂದೇ: ಬ್ರೌಸರೋ ಆಪರೇಟಿಂಗ್ ಸಿಸ್ಟಮ್ಮೋ ಮಾಡಿದವರು ಮೊದಲೇ ಅದರ ಪ್ರತಿಯನ್ನು ಯಂತ್ರದೊಳಗೆ ಇಟ್ಟು ಕಳಿಸಿದ್ದಾರೆ. ನೀವು ಫೋನ್ ಕೊಂಡಾಗ ಜೊತೆಗೆ ಇಂಥ ಹಲವು ಡಜನ್ ಪ್ರತಿಗಳು ಬಂದಿರ್ತವೆ. ನಿಮ್ಮನ್ನು ಯಾರೂ ಕೇಳಿರಲ್ಲ.

ಸರ್ಟಿಫಿಕೇಟು ಅನ್ನೋ ಕಲ್ಪನೆ ಮೊದಲು ಬಂದಿದ್ದು 1978ರಲ್ಲಿ, ಎಂಐಟಿಯಲ್ಲಿ ಲಾರೆನ್ ಕೋನ್‌ಫೆಲ್ಡರ್ ಅನ್ನೋ ವಿದ್ಯಾರ್ಥಿ ಬರೆದ ಬ್ಯಾಚುಲರ್ಸ್ ಡಿಗ್ರಿಯ ಪ್ರಬಂಧದಲ್ಲಿ. (ನನ್ನ ಫೈನಲ್ ಇಯರ್ ಪ್ರಾಜೆಕ್ಟ್ ಏನಾಗಿತ್ತು ಅಂತ ದಯವಿಟ್ಟು ಕೇಳಬೇಡಿ.) ಹತ್ತು ವರ್ಷ ಆದಮೇಲೆ, 1988ರಲ್ಲಿ, ಎಕ್ಸ್.509 ಅನ್ನೋ ಮಾನದಂಡ ಬಂತು. ಇವತ್ತಿಗೂ ಅದೇ ನಮೂನೆ. ಹೆಸರು, ಕೀ, ಯಾವಾಗಿಂದ, ಯಾವಾಗಿನವರೆಗೆ. ನನ್ನ ಕಥೆ ಇರೋದು ಈ ಕೊನೆಯ ಕಾಲಮ್ಮಿನಲ್ಲಿ.

1994ರ ಕೊನೆಯಲ್ಲಿ ನೆಟ್‌ಸ್ಕೇಪ್ ತನ್ನ ಬ್ರೌಸರನ್ನು ಹೊರಗೆ ಬಿಟ್ಟಿತು. ವೆಬ್ಬಿನಲ್ಲಿ ಕ್ರೆಡಿಟ್ ಕಾರ್ಡ್ ನಂಬರ್ ಕೊಡಬಹುದು ಅಂತ ಜನರನ್ನು ಒಪ್ಪಿಸಬೇಕಿತ್ತು, ಅದಕ್ಕೆ ಎಸ್‌ಎಸ್‌ಎಲ್ ಮಾಡಿದರು. ಆಗ ಈಗಿನ ಬೀಗದ ಚಿತ್ರ ಇರಲಿಲ್ಲ. ಕಿಟಕಿಯ ಕೆಳಮೂಲೆಯಲ್ಲಿ ಒಂದು ಕೀಲಿಕೈ ಇರುತ್ತಿತ್ತು. ಸುರಕ್ಷಿತ ಅಲ್ಲದ ಪೇಜಿಗೆ ಮುರಿದ ಕೀಲಿ, ಸುರಕ್ಷಿತ ಪೇಜಿಗೆ ಇಡೀ ಕೀಲಿ. ಆ ಕೀಲಿಯ ಹಿಂದೆ ಇದ್ದ ಮುಖ್ಯ ರೂಟು ಆರ್‌ಎಸ್‌ಎ ಡೇಟಾ ಸೆಕ್ಯುರಿಟಿ ಅನ್ನೋ ಕಂಪನಿಯದ್ದು. ಮರುವರ್ಷ ಅದರಿಂದ ಬೇರೆಯಾಗಿ ಹುಟ್ಟಿದ ವೆರಿಸೈನ್ ಕೈಗೆ ಆ ಕೆಲಸ ಹೋಯ್ತು. ಆ ರೂಟಿನ ಮೇಲೆ ಬರೆದಿದ್ದ ತಾರೀಖು: 9 ನವೆಂಬರ್ 1994ರಿಂದ 31 ಡಿಸೆಂಬರ್ 1999ರವರೆಗೆ.

ಐದು ವರ್ಷ. ಆಗಿನ ವೇಗ ನೆನೆಸಿಕೊಂಡರೆ ಅದು ಬಹಳ ದೂರದ ದಿನ ಅಂತ ಅನಿಸಿದ್ದರೆ ಆಶ್ಚರ್ಯ ಇಲ್ಲ. ನೆಟ್‌ಸ್ಕೇಪ್ ಕೆಲವೇ ತಿಂಗಳಿಗೊಂದು ಹೊಸ ಆವೃತ್ತಿ ಬಿಡ್ತಾ ಇತ್ತು. ಐದು ವರ್ಷದ ಹಿಂದಿನ ಬ್ರೌಸರನ್ನು ಯಾರು ಇಟ್ಟುಕೊಂಡಿರ್ತಾರೆ?

ಇಟ್ಟುಕೊಂಡಿದ್ದರು. 1999 ಬಂದಾಗ ಗೊತ್ತಾಗಿದ್ದು, ನೆಟ್‌ಸ್ಕೇಪ್ 4.05 ಮತ್ತು ಅದಕ್ಕಿಂತ ಹಳೆಯವುಗಳ ಒಳಗೆ ಈ ಐದು ವರ್ಷದ ರೂಟೇ ಕೂತಿದೆ ಅಂತ. 4.06ರಿಂದ ಮೇಲೆ ಹೊಸದು ಇತ್ತು. ರೂಟಿನ ಪಟ್ಟಿಯನ್ನು ದೂರದಿಂದ ತಾನಾಗಿಯೇ ಬದಲಿಸೋ ವ್ಯವಸ್ಥೆ ಆಗ ಇರಲಿಲ್ಲ. ಸಾಮಾನ್ಯ ಜನಕ್ಕೆ ಇದ್ದ ದಾರಿ ಇಡೀ ಬ್ರೌಸರನ್ನೇ ಹೊಸದಾಗಿ ಇಳಿಸಿಕೊಳ್ಳೋದು. 28.8 ಮೋಡೆಮ್ ಇದ್ದವರಿಗೆ ಲೈನು ಚೆನ್ನಾಗಿದ್ದರೂ ಒಂದೊಂದು ಹತ್ತು ಎಂಬಿಗೂ ಮುಕ್ಕಾಲು ಗಂಟೆ. ಅಮೆರಿಕದ ಆನ್‌ಲೈನ್ ವ್ಯಾಪಾರದ ಸೈಟುಗಳು "ಹೊಸ ವರ್ಷಕ್ಕೆ ಮೊದಲು ಬ್ರೌಸರ್ ಬದಲಿಸಿ" ಅಂತ ಗ್ರಾಹಕರಿಗೆ ಹೇಳಬೇಕಾಯ್ತು.

ಆ ರೂಟಿನ ಕೊನೆಯ ಗಳಿಗೆ ಗ್ರೀನಿಚ್ ಸಮಯ ರಾತ್ರಿ 11 ಗಂಟೆ 54 ನಿಮಿಷ 17 ಸೆಕೆಂಡ್. ನಮ್ಮಲ್ಲಿ ಆಗ 2000ದ ಜನವರಿ 1, ಬೆಳಗಿನ ಜಾವ ಐದೂ ಇಪ್ಪತ್ತನಾಲ್ಕು. ಆ ರಾತ್ರಿ ವೈ2ಕೆ ಕಾವಲಿಗೆ ಅಂತ ಬೆಂಗಳೂರಿನ ಆಫೀಸುಗಳಲ್ಲೂ ಎಂಜಿನಿಯರುಗಳು ಎಚ್ಚರ ಇದ್ದರು. ನಮ್ಮ ಸಾಫ್ಟ್‌ವೇರ್ ಉದ್ಯಮ ಚಿಗುರಿದ್ದರಲ್ಲಿ ವೈ2ಕೆ ಪಾತ್ರ ನಿಮಗೆಲ್ಲ ಗೊತ್ತು. ಸರ್ಟಿಫಿಕೇಟಿನ ತೊಂದರೆಗೂ ವೈ2ಕೆಗೂ ಸಂಬಂಧವೇ ಇಲ್ಲ. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿದ್ದು ವೈ2ಕೆ ತಪ್ಪು. ಇಲ್ಲಿ ತಾರೀಖು ಸರಿಯಾಗೇ ಇತ್ತು, ಅದು ಹೇಳಿದ ಹಾಗೇ ನಡೀತು. ಆದರೆ ಎರಡೂ ಒಂದೇ ರಾತ್ರಿ ಬಂದಿದ್ದರಿಂದ ಒಂದು ಇನ್ನೊಂದರ ನೆರಳಲ್ಲಿ ಮರೆತುಹೋಯ್ತು ಅಂತ ನನ್ನ ಅನಿಸಿಕೆ. ಮರೆಯಬಾರದಿತ್ತು.

ಇದರಲ್ಲಿ ನನಗೆ ತುಂಬಾ ಕುತೂಹಲ ಹುಟ್ಟಿಸಿದ್ದು ಬೇರೆ ಒಂದು ವಿಷಯ. ಹೊಸ ಬ್ರೌಸರಿನಲ್ಲಿ ಬಂದ ಬದಲಿ ರೂಟಿನ ಒಳಗೆ ಇದ್ದಿದ್ದು ಹಳೆಯ ಕೀಯೇ! ಅದೇ 1000 ಬಿಟ್‌ನ ಕೀ, ಅದೇ ಹೆಸರು. ಬದಲಾಗಿದ್ದು ತಾರೀಖು: 7 ಜನವರಿ 2010. ಅಂದರೆ ಡಿಸೆಂಬರ್ 31ಕ್ಕೆ ಆ ಕೀಗೆ ಏನೂ ಆಗಿರಲಿಲ್ಲ. ಲಕ್ಷಾಂತರ ಜನ ಮೋಡೆಮ್ ಮುಂದೆ ಕೂತು ಇಳಿಸಿಕೊಂಡ ಆ ಬ್ರೌಸರಿನಲ್ಲಿ, ಈ ವಿಷಯದ ಮಟ್ಟಿಗೆ, ಹೊಸದು ಅಂತ ಇದ್ದಿದ್ದು ಒಂದು ತಾರೀಖು ಅಷ್ಟೇ.

ಹಾಗಾದರೆ ರೂಟಿಗೆ ತಾರೀಖಾದರೂ ಯಾಕೆ? ಕೀ ಹಳೆಯದಾದಂತೆ ಅದನ್ನು ಒಡೆಯೋ ಕಂಪ್ಯೂಟರುಗಳು ಜೋರಾಗ್ತವೆ, ಕಳವಾಗೋ ಸಾಧ್ಯತೆ ಹೆಚ್ಚತ್ತೆ, ಅದಕ್ಕೊಂದು ನಿವೃತ್ತಿ ವಯಸ್ಸು ಬೇಕು. ಒಪ್ಪೋ ಮಾತೇ. ಆದರೆ ನಿಜವಾಗಿ ನಂಬಿಕೆ ಮುರಿದ ಸಂದರ್ಭಗಳಲ್ಲಿ ತಾರೀಖು ಯಾರನ್ನೂ ಕಾಪಾಡಿಲ್ಲ. 2011ರಲ್ಲಿ ನೆದರ್ಲೆಂಡ್ಸಿನ ಡಿಜಿನೋಟಾರ್‌ಗೆ ಹ್ಯಾಕರುಗಳು ನುಗ್ಗಿ ಗೂಗಲ್ ಹೆಸರಿನಲ್ಲೇ ನಕಲಿ ಸರ್ಟಿಫಿಕೇಟ್ ಮಾಡಿಕೊಂಡರು. ಇರಾನಿನ ಜನರ ಜಿಮೇಲ್ ಮೇಲೆ ಕಣ್ಣಿಡೋಕೆ ಅದು ಬಳಕೆಯಾಯ್ತು. 2014ರ ಜುಲೈನಲ್ಲಿ ನಮ್ಮದೇ ದೇಶದ ಎನ್‌ಐಸಿ ಹೆಸರಿನಲ್ಲಿ ಗೂಗಲ್ ಸೈಟುಗಳಿಗೆ ಅನಧಿಕೃತ ಸರ್ಟಿಫಿಕೇಟುಗಳು ಹೊರಬಿದ್ದವು. ಎರಡೂ ಸಲ ಬ್ರೌಸರ್ ಮತ್ತು ಓಎಸ್ ಮಾಡುವವರು ಅಪ್‌ಡೇಟ್ ಕಳಿಸಿ ಆ ನಂಬಿಕೆಯನ್ನು ಕಿತ್ತುಹಾಕಬೇಕಾಯ್ತು. ಅಪ್‌ಡೇಟ್ ಬಾರದ ಯಂತ್ರಕ್ಕೆ ಇಲ್ಲಿ ಎರಡು ಕಡೆಯಿಂದ ಪೆಟ್ಟು. ಹೊಸ ಒಳ್ಳೆಯವರು ಅದಕ್ಕೆ ಗೊತ್ತಾಗಲ್ಲ, ಹಳೆಯ ಕಳ್ಳರನ್ನು ಅದು ಮರೆಯಲ್ಲ. ಹಳೆಯ ಫೋನಿಟ್ಟುಕೊಂಡವರ ಪರ ವಕಾಲತ್ತು ಮಾಡೋವಾಗ ಈ ಮಾತನ್ನು ಬಿಟ್ಟು ಮಾತಾಡೋದು ಮೋಸ ಆಗತ್ತೆ.

ಇರಲಿ. 1999ರಿಂದ ಉದ್ಯಮ ಕಲಿತ ಪಾಠ ಅಂದರೆ ತಾರೀಖನ್ನು ಇನ್ನೂ ದೂರ ತಳ್ಳೋದು. 2000ದಲ್ಲಿ ಹುಟ್ಟಿದ ರೂಟುಗಳಿಗೆ ಇಪ್ಪತ್ತು ವರ್ಷ, ಇಪ್ಪತ್ತೊಂದು ವರ್ಷ ಕೊಟ್ಟರು. ಅಂಥದ್ದರಲ್ಲಿ ಒಂದು ಡಿಎಸ್‌ಟಿ ರೂಟ್ ಸಿಎ ಎಕ್ಸ್3. ಹುಟ್ಟಿದ್ದು 30 ಸೆಪ್ಟೆಂಬರ್ 2000, ಮುಗಿಯೋದು 30 ಸೆಪ್ಟೆಂಬರ್ 2021. ಅದು ಹುಟ್ಟಿದಾಗ ಆಂಡ್ರಾಯ್ಡ್ ಅನ್ನೋ ಪದಕ್ಕೆ ಫೋನಿನ ಅರ್ಥವೇ ಇರಲಿಲ್ಲ.

ಆಮೇಲೆ ಬಂದಿದ್ದು ಲೆಟ್ಸ್ ಎನ್‌ಕ್ರಿಪ್ಟ್. ಅದಕ್ಕೆ ಮೊದಲು ಸರ್ಟಿಫಿಕೇಟಿಗೆ ಸಾಮಾನ್ಯವಾಗಿ ವರ್ಷವರ್ಷ ದುಡ್ಡು ಕೊಡಬೇಕಿತ್ತು. ನಮ್ಮೂರ ಕಡೆಯ ಅಡಿಕೆ ಧಾರಣೆ ಹಾಕೋ ಹುಡುಗನಂಥವರು ಅದರ ಗೊಡವೆಗೇ ಹೋಗ್ತಾ ಇರಲಿಲ್ಲ. ಮೊಜಿಲ್ಲಾದ ಜಾಶ್ ಆಸ್ ಮತ್ತು ಎರಿಕ್ ರೆಸ್ಕೋರ್ಲಾ, ಇಎಫ್‌ಎಫ್‌ನ ಪೀಟರ್ ಎಕರ್ಸ್ಲಿ, ಮಿಶಿಗನ್ ವಿಶ್ವವಿದ್ಯಾಲಯದ ಅಲೆಕ್ಸ್ ಹಾಲ್ಡರ್‌ಮನ್ ಇವರೆಲ್ಲ ಸೇರಿ, ಪುಕ್ಕಟೆ ಸರ್ಟಿಫಿಕೇಟ್ ಕೊಡೋ ಸಂಸ್ಥೆ ಕಟ್ಟಿದರು. ಮೊದಲ ಸರ್ಟಿಫಿಕೇಟ್ ಕೊಟ್ಟಿದ್ದು 14 ಸೆಪ್ಟೆಂಬರ್ 2015ಕ್ಕೆ. ಅವರ ಸ್ವಂತ ರೂಟಿನ ಹೆಸರು ಐಎಸ್‌ಆರ್‌ಜಿ ರೂಟ್ ಎಕ್ಸ್1.

ಅವರಿಗಿದ್ದ ಕಷ್ಟ ಹಳ್ಳಿಗೆ ಹೊಸದಾಗಿ ವರ್ಗವಾಗಿ ಬಂದ ಆಫೀಸರದ್ದು. ಸಹಿ ಹಾಕೋ ಅಧಿಕಾರ ಇದೆ, ಆದರೆ ಯಾರಿಗೂ ಮುಖಪರಿಚಯ ಇಲ್ಲ. ಜಗತ್ತಿನ ಎಲ್ಲ ಫೋನು ಕಂಪ್ಯೂಟರುಗಳೊಳಗೆ ಹೊಸ ರೂಟು ಸೇರೋಕೆ ವರ್ಷಗಟ್ಟಲೆ ಬೇಕು. ಅದಕ್ಕೆ ಡಿಎಸ್‌ಟಿ ರೂಟಿನ ಒಡೆತನ ಇದ್ದ ಐಡೆನ್‌ಟ್ರಸ್ಟ್ ಹತ್ತಿರ ಹೋಗಿ "ಇವರು ನಮ್ಮೋರೇ" ಅಂತ ಒಂದು ಸಹಿ ಹಾಕಿಸಿಕೊಂಡರು. ಇದಕ್ಕೆ ಕ್ರಾಸ್‌ಸೈನ್ ಅಂತಾರೆ. ಹಳೆಯ ಆಫೀಸರನ್ನು ಎಲ್ಲರಿಗೂ ಗೊತ್ತು, ಅವರ ಮಾತಿನ ಮೇಲೆ ಹೊಸಬರ ಸಹಿಯೂ ನಡೀತು. ವೆಬ್ಬಿನ ಬಹುದೊಡ್ಡ ಪಾಲು ಈ ಒಂದು ಜಾಮೀನಿನ ಮೇಲೆ ನಿಂತುಕೊಳ್ತು. ಜಾಮೀನುದಾರರ ನಿವೃತ್ತಿ ಮಾತ್ರ 30 ಸೆಪ್ಟೆಂಬರ್ 2021ಕ್ಕೆ ನಿಗದಿಯಾಗಿತ್ತು.

2020ರ ನವೆಂಬರ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್‌ನವರು ಒಂದು ಎಚ್ಚರಿಕೆ ಕೊಟ್ಟರು. ಐಎಸ್‌ಆರ್‌ಜಿ ರೂಟ್ ಆಂಡ್ರಾಯ್ಡಿನೊಳಗೆ ಸೇರಿದ್ದು 7.1.1ರಿಂದ. ಚಾಲ್ತಿಯಲ್ಲಿರೋ ಆಂಡ್ರಾಯ್ಡ್ ಸಾಧನಗಳಲ್ಲಿ ಶೇ. 33.8ರಷ್ಟು 7.1ಕ್ಕಿಂತ ಹಳೆಯವು. ಅಂದರೆ ಮೂರರಲ್ಲಿ ಒಂದು ಫೋನಿನಲ್ಲಿ ಸೈಟುಗಳು ತೆರೆಯೋದು ನಿಲ್ಲಬಹುದು. ಹಳೆಯ ಫೋನ್ ಇದ್ದವರು ಫೈರ್‌ಫಾಕ್ಸ್ ಹಾಕಿಕೊಳ್ಳಿ, ಅನ್ನೋದು ಅವರು ಕೊಟ್ಟ ಸಲಹೆ. ಆ ಹಳೆಯ ಫೋನುಗಳನ್ನು ಯಾರು ಇಟ್ಟುಕೊಂಡಿರ್ತಾರೆ ಅಂತ ನಿಮಗೆ ಹೇಳಬೇಕಿಲ್ಲ. ವರ್ಷಕ್ಕೊಮ್ಮೆ ಫೋನ್ ಬದಲಿಸೋ ನಾವಲ್ಲ. ನಾವು ಬಿಟ್ಟ ಫೋನನ್ನು ಬಳಸೋ ನಮ್ಮ ಅಪ್ಪ ಅಮ್ಮಂದಿರು, ಮನೆಕೆಲಸಕ್ಕೆ ಬರೋರು, ಆಟೋದವರು.

ಒಂದೂವರೆ ತಿಂಗಳಲ್ಲಿ ಪರಿಹಾರ ಸಿಕ್ಕಿತು, ಅದೂ ವಿಚಿತ್ರವಾದ ಕಡೆಯಿಂದ. ಆಂಡ್ರಾಯ್ಡ್ ತನ್ನೊಳಗೆ ಇಟ್ಟುಕೊಂಡಿರೋ ರೂಟಿನ ಕೊನೆಯ ತಾರೀಖನ್ನು ನೋಡೋದೇ ಇಲ್ಲ! ಇದು ಮರೆವಲ್ಲ, ಬೇಕೆಂದೇ ಹಾಗೆ ಮಾಡಿದ್ದು. ನಿಯಮದ ಪ್ರಕಾರವೂ ಸರಿಯೇ. ಸರ್ಟಿಫಿಕೇಟ್ ಪರೀಕ್ಷಿಸೋ ವಿಧಾನ ಹೇಳೋ ಆರ್‌ಎಫ್‌ಸಿ 5280ರಲ್ಲಿ ರೂಟಿನ ಬಗ್ಗೆ ಗೊತ್ತಿರಬೇಕಾದ್ದು ಹೆಸರು ಮತ್ತು ಕೀ, ತಾರೀಖಲ್ಲ. ಸಹಿ ಮಾದರಿ ಹೊಂದತ್ತಾ ಅಂತ ನೋಡ್ತಾರೆ, ಆಫೀಸರ್ ಇನ್ನೂ ಸರ್ವಿಸ್‌ನಲ್ಲಿ ಇದ್ದಾರಾ ಅಂತ ಕೇಳಲ್ಲ. ಆ ಮೊದಲ ರೂಟಿನ ಹಳೆಯ ಕೀಗೆ ಹೊಸ ತಾರೀಖು ಅಂಟಿಸಿದಾಗಲೇ ಗೊತ್ತಿದ್ದ ಸತ್ಯ ಇದು. ಹಾಗಾಗಿ ಐಡೆನ್‌ಟ್ರಸ್ಟ್ ತನ್ನ ರೂಟು ಮುಗಿದ ನಂತರವೂ ಮೂರು ವರ್ಷ ನಡೆಯೋ ಹಾಗೆ, 30 ಸೆಪ್ಟೆಂಬರ್ 2024ರವರೆಗೆ, ಹೊಸ ಜಾಮೀನು ಬರೆದುಕೊಟ್ಟಿತು. ಮುಗಿದುಹೋಗಲಿರೋ ರೂಟು, ತನ್ನ ಆಯಸ್ಸಿಗಿಂತ ಹೆಚ್ಚು ಬಾಳೋ ಸಹಿ.

2021ರ ಸೆಪ್ಟೆಂಬರ್ 30 ಗುರುವಾರ. ಕೊರೋನಾ ಕಾಲ, ನಾನು ಊರಿನ ಮನೆಯ ಜಗಲಿಯಿಂದಲೇ ಕೆಲಸ ಮಾಡ್ತಾ ಇದ್ದೆ. ನಮ್ಮ ಸಮಯ ಸಂಜೆ ಏಳೂವರೆ ದಾಟಿ ಒಂದು ನಿಮಿಷಕ್ಕೆ ರೂಟು ಮುಗೀತು. ಎಂಟು ಗಂಟೆ ಒಳಗೆ ಆಫೀಸಿನ ಗ್ರೂಪಿನಲ್ಲಿ ಮೆಸೇಜುಗಳ ಮಳೆ. ನಾವು ನೋಡಿಕೊಳ್ತಿದ್ದ ಕೆಲವು ಹಳೆಯ ಸರ್ವರುಗಳು ಬೇರೆ ಸೇವೆಗಳ ಜೊತೆ ಮಾತಾಡೋದನ್ನು ನಿಲ್ಲಿಸಿದ್ದವು. ಅವುಗಳಲ್ಲಿ ಇದ್ದಿದ್ದು ಓಪನ್‌ಎಸ್‌ಎಸ್‌ಎಲ್ 1.0.2. ಅದರೊಳಗೆ ಹೊಸ ಐಎಸ್‌ಆರ್‌ಜಿ ರೂಟು ಇತ್ತು, ಆದರೂ ಅದು ಸರ್ವರ್ ಕಳಿಸಿದ ಸರಣಿಯನ್ನೇ ಹಿಡಿದುಕೊಂಡು ಮೇಲೆ ಹತ್ತಿ, ತುದಿಯಲ್ಲಿ ಮುಗಿದುಹೋದ ಡಿಎಸ್‌ಟಿಯನ್ನು ನೋಡಿ, ಅಲ್ಲೇ ಕೈಚೆಲ್ಲಿ ಕೂರ್ತಿತ್ತು. ಪಕ್ಕದಲ್ಲೇ ಇನ್ನೊಂದು ದಾರಿ ಇದೆ ಅಂತ ತಿರುಗಿಯೂ ನೋಡ್ತಿರಲಿಲ್ಲ. ಮುಂಚಿನ ವರ್ಷ ಮೇ 30ಕ್ಕೆ ಆಡ್‌ಟ್ರಸ್ಟ್ ಅನ್ನೋ ಇನ್ನೊಂದು ಇಪ್ಪತ್ತು ವರ್ಷದ ರೂಟು ಮುಗಿದಾಗಲೂ ಇದೇ ತಪ್ಪು ಬಯಲಾಗಿತ್ತು. ಅದನ್ನು ಓದಿದ್ದೆ, ನಮ್ಮ ಸರ್ವರುಗಳನ್ನು ನೋಡಿರಲಿಲ್ಲ. ಪರಿಹಾರ ಹೊಸದನ್ನು ಸೇರಿಸೋದಲ್ಲ, ಸತ್ತದ್ದನ್ನು ತೆಗೆಯೋದು. ಉಬುಂಟುವಿನಲ್ಲಿ ಸರ್ಟಿಫಿಕೇಟುಗಳ ಪಟ್ಟಿ ತೆಗೆದು, ಡಿಎಸ್‌ಟಿ ಹೆಸರಿನ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ, ಒಂದು ಕಮಾಂಡ್ ಓಡಿಸಿದರೆ ಮುಗೀತು. ಆ ಒಂದು ಚಿಹ್ನೆ ಹಾಕೋಕೆ ನಮಗೆ ರಾತ್ರಿ ಹನ್ನೊಂದಾಯ್ತು.

ನಾನು ಜಗಲಿಯಲ್ಲಿ ಒದ್ದಾಡ್ತಾ ಇದ್ದರೆ, ಒಳಗೆ ಅಪ್ಪ ಅದೇ ಆಂಡ್ರಾಯ್ಡ್ 6 ಫೋನಿನಲ್ಲಿ ನಿಶ್ಚಿಂತೆಯಿಂದ ಅಡಿಕೆ ಧಾರಣೆ ನೋಡ್ತಾ ಇದ್ದ. ಕಂಪನಿಯ ಸರ್ವರ್ ಬಿತ್ತು, ಅಪ್ಪನ ಫೋನ್ ಬೀಳಲಿಲ್ಲ.

ಅದು ಬಿದ್ದಿದ್ದು 2024ರಲ್ಲಿ. ಐಎಸ್‌ಆರ್‌ಜಿ ರೂಟನ್ನು ನಂಬೋ ಆಂಡ್ರಾಯ್ಡ್ ಸಾಧನಗಳು ಶೇ. 66ರಿಂದ 93.9ಕ್ಕೆ ಏರಿವೆ ಅಂತ ಲೆಟ್ಸ್ ಎನ್‌ಕ್ರಿಪ್ಟ್‌ನವರು ಲೆಕ್ಕ ಕೊಟ್ಟು, ಆ ವರ್ಷದ ಫೆಬ್ರವರಿ 8ರಿಂದ ಹಳೆಯ ಜಾಮೀನಿನ ಸರಣಿ ಕಳಿಸೋದನ್ನು ತಾನಾಗಿ ನಿಲ್ಲೋ ಹಾಗೆ ಮಾಡಿದರು. ಅವರ ಸರ್ಟಿಫಿಕೇಟಿಗೆ ಆಯಸ್ಸು 90 ದಿನ. ಧಾರಣೆ ಸೈಟಿನ ಹುಡುಗನ ಸರ್ವರ್ ಏಪ್ರಿಲ್ ಹೊತ್ತಿಗೆ ತನ್ನಷ್ಟಕ್ಕೆ ತಾನೇ ಹೊಸದು ತಗೊಂಡಿದೆ, ಅದರ ಜೊತೆ ಜಾಮೀನು ಬಂದಿಲ್ಲ. ಅವನಿಗೆ ಗೊತ್ತೂ ಆಗಿರಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ಪುಕ್ಕಟೆ ಕೊಟ್ಟು ಮೂರು ವರ್ಷ ಹೆಚ್ಚಿಗೆ ಎಳೆದಿದ್ದೇ ದೊಡ್ಡದು. ಆದರೆ ಉಳಿದ ಶೇ. 6.1ರಲ್ಲಿ ನಮ್ಮಪ್ಪ ಇದ್ದ.

ಮೇ ತಿಂಗಳಲ್ಲಿ ಊರಿಗೆ ಹೋದಾಗ ಫೋನ್ ತಗೊಂಡು ಕೂತೆ. ಐಎಸ್‌ಆರ್‌ಜಿ ರೂಟನ್ನು ಇಳಿಸಿ ಸೆಟ್ಟಿಂಗ್ಸ್‌ನಲ್ಲಿ ಕೈಯಾರೆ ಹಾಕಿದೆ. ಹಾಕಬೇಕಾದರೆ ಸ್ಕ್ರೀನಿಗೆ ಪಿನ್ ಲಾಕ್ ಇಡಲೇಬೇಕು ಅಂತು. ಹಾಕಿದ ಮೇಲೆ "ನಿಮ್ಮ ನೆಟ್‌ವರ್ಕನ್ನು ಯಾರೋ ಗಮನಿಸುತ್ತಿರಬಹುದು" ಅಂತ ಒಂದು ಎಚ್ಚರಿಕೆ ಮೇಲ್ಗಡೆ ಬಂದು ಕೂತಿತು. ಒಂದು ಹೆದರಿಕೆ ತೆಗೆಯೋಕೆ ಹೋಗಿ ಅದಕ್ಕಿಂತ ದೊಡ್ಡದನ್ನು ತಂದಿಟ್ಟಂತಾಯ್ತು. ತೆಗೆದುಹಾಕಿ ಫೈರ್‌ಫಾಕ್ಸ್ ಹಾಕಿದೆ. ಅದು ಫೋನಿನ ಪಟ್ಟಿಯನ್ನು ನೆಚ್ಚಿಕೊಳ್ಳಲ್ಲ, ತನ್ನ ರೂಟುಗಳನ್ನು ತಾನೇ ಹೊತ್ತು ತರತ್ತೆ. ಆಗ ಹೊಳೀತು. ಫೈರ್‌ಫಾಕ್ಸ್ ಅಂದರೆ ನೆಟ್‌ಸ್ಕೇಪಿನ ವಂಶ. 1998ರಲ್ಲಿ ನೆಟ್‌ಸ್ಕೇಪ್ ತನ್ನ ಸೋರ್ಸ್ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದರಿಂದ ಮೊಜಿಲ್ಲಾ ಹುಟ್ಟಿತು, ಅದರಿಂದ ಫೈರ್‌ಫಾಕ್ಸ್. ರೂಟನ್ನು ಬ್ರೌಸರಿನ ಹೊಟ್ಟೆಯೊಳಗೇ ಇಟ್ಟುಕೊಳ್ಳೋ ಅಭ್ಯಾಸದಿಂದ 1999ರಲ್ಲಿ ಜನ ಒದ್ದಾಡಿದರು. ಅದೇ ಅಭ್ಯಾಸದಿಂದ 2024ರಲ್ಲಿ ನಮ್ಮ ಮನೆಯಲ್ಲಿ ಧಾರಣೆ ಪೇಜು ತೆರೀತು. ಇನ್ನೂ ಒಂದು: ಫೈರ್‌ಫಾಕ್ಸ್ 1.0 ಬಿಡುಗಡೆಯಾಗಿದ್ದು 9 ನವೆಂಬರ್ 2004. ಆ ಮೊದಲ ರೂಟು ಹುಟ್ಟಿ ಸರಿಯಾಗಿ ಹತ್ತು ವರ್ಷಕ್ಕೆ. ಇದಕ್ಕೇನೂ ಅರ್ಥ ಇಲ್ಲ, ಕಾಕತಾಳೀಯ.

"ಈ ನರಿ ಒತ್ತಿದ್ರೆ ಬರತ್ತೆ, ಹಳೇದನ್ನ ಒತ್ತಬೇಡ" ಅಂದೆ. ಅಪ್ಪ ನರಿ ಒತ್ತಿ ನೋಡಿ ತಲೆಯಾಡಿಸಿದ.

ಆಮೇಲೆ ಏನೋ ನೆನಪಾದವನ ಹಾಗೆ ಹೇಳಿದ. "ಮೊನ್ನೆ ಇನ್ನೊಂದು ಬಂದಿತ್ತು. ಕರೆಂಟ್ ಬಿಲ್ ಕಟ್ಟಿಲ್ಲ, ರಾತ್ರಿ ಲೈನ್ ತೆಗೀತೀವಿ ಅಂತ ಮೆಸೇಜು. ಅದನ್ನ ಒತ್ತಿದೆ, ಅದೇ ಕೆಂಪು ತ್ರಿಕೋನ. ನೀನು ಹೇಳಿದ್ಯಲ್ಲ, ಅಡ್ವಾನ್ಸ್‌ಡ್, ಪ್ರೊಸೀಡ್. ಎರಡೂ ಒತ್ತಿದೆ. ಬ್ಯಾಂಕಿನ ನಂಬರ್ ಕೇಳ್ತು. ಪಾಸ್‌ಬುಕ್ ಹುಡುಕೋಕೆ ಒಳಗೆ ಹೋದೆ, ಅಷ್ಟರಲ್ಲಿ ಕರೆಂಟ್ ಹೋಯ್ತು, ಟವರೂ ಹೋಯ್ತು. ಬಿಟ್ಟೆ."

ನನಗೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಮೆಸೇಜ್ ತೋರಿಸು ಅಂದೆ. ಇತ್ತು. ಅಳಿಸಿದೆ.

"ಅಪ್ಪ, ಇನ್ಮೇಲೆ ಆ ಕೆಂಪು ಬಂದ್ರೆ ಏನ್ ಮಾಡ್ತೀಯ?"

"ಎಂತ ಮಾಡೋದು, ನಿಂಗೆ ಫೋನ್ ಮಾಡ್ತೀನಿ" ಅಂದ. "ನೀನು ಎತ್ತಿದ್ರೆ."